ಎಸ್‌ಸಿಒ ಯುನಿಕ್ಸ್ 5.0.5: ಹೊಸ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅಲ್ಲಾಡ್ತಿಲ್ಲ, ಟರ್ಮಿನಲ್ ಬದಲು ಲ್ಯಾಪ್‌ಟಾಪ್ ಹಾಕಬಹುದಾ?

ಮಂಡಿಮನೆ_ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪಂದು ಅಡಿಕೆ ದಲ್ಲಾಳಿ ಮಂಡಿ. ಅಂಗಡೀಲಿ ಒಂದು ಪೆಂಟಿಯಂ 3 ಮೆಷಿನ್ ಇದೆ, ಅದರಲ್ಲಿ ಎಸ್‌ಸಿಒ ಓಪನ್‌ಸರ್ವರ್ 5.0.5 (ವಿಂಡೋಸ್ ಜಾಗದಲ್ಲಿ ಓಡೋ ಒಂದು ಹಳೇ ಯುನಿಕ್ಸ್), ಮೇಲೆ ಫಾಕ್ಸ್‌ಬೇಸ್ ಅನ್ನೋ ಹಳೇ ಡೇಟಾಬೇಸ್ ಭಾಷೇಲಿ ಯಾರೋ ಬರೆದುಕೊಟ್ಟ ಮಂಡಿ ಪ್ರೋಗ್ರಾಮ್. ರೈತರ ಖಾತೆ, ರಾಶಿ ಬೆಟ್ಟೆ ಸರಕು ಗೊರಬಲು ಅಂತ ಅಡಿಕೆ ಬಗೆ ಎಲ್ಲದರ ಪಟ್ಟಿ (ಮಾರಾಟದ ಬಿಲ್), ಸಾಲ, ಬಡ್ಡಿ ಎಲ್ಲಾ ಅದರಲ್ಲೇ. ಬರೆದವರು ಈಗ ಇಲ್ಲ. ಎರಡು ವೈಸ್ 60 ಟರ್ಮಿನಲ್ (ಬರೀ ಸ್ಕ್ರೀನು ಕೀಬೋರ್ಡು, ಕೆಲಸವೆಲ್ಲ ಆ ಮೆಷಿನ್‌ದೇ) ಇದ್ವು, ಒಂದರ ಸ್ಕ್ರೀನ್ ಹೋಗಿದೆ.

ಸಮಸ್ಯೆ ಪ್ರಿಂಟರ್ದು. ಹಳೇ 136 ಕಾಲಂ ಪ್ರಿಂಟರ್ ಇದ್ದಕ್ಕಿದ್ದಂಗೆ ಪ್ರಿಂಟ್ ಮಾಡೋದು ನಿಲ್ಸ್ತು, ಅಂಗಡಿಯವನು ಬಂದು ನೋಡಿ ಬೋರ್ಡ್ ಹೋಗಿದೆ ಅಂದ, ಹೊಸದು ತಗೊಂಡ್ವಿ. ಹೊಸದರಲ್ಲಿ ಯುಎಸ್‌ಬಿ ಪ್ಯಾರಲಲ್ ಎರಡೂ ಇದೆ. ಹಳೇ ಪ್ಯಾರಲಲ್ ಕೇಬಲ್ಲೇ ಹಾಕಿದ್ವಿ, ಆದ್ರೆ ಏನೂ ಬರ್ತಿಲ್ಲ, ಕೊಟ್ಟ ಪ್ರಿಂಟೆಲ್ಲ ಕ್ಯೂನಲ್ಲಿ ಕೂತಿದೆ. ಈಗ ಅದೇ ಅಂಗಡಿಯವನು ಇದನ್ನೆಲ್ಲ ಬಿಸಾಕಿ ಹೊಸ ಸಾಫ್ಟ್‌ವೇರ್ ಹಾಕ್ಸಿ ಅಂತಾನೆ. ಸೀಸನ್ ನಡೀತಿದೆ ಸಾರ್, ಪಟ್ಟಿ ಕೈಲಿ ಬರೀತಿದೀವಿ. ಮೂರು ಕಾಪಿ ಕಾರ್ಬನ್ ಪೇಪರ್ ಬೇಕೇ ಬೇಕು, ಹಾಗಾಗಿ ಲೇಸರ್ ಆಗಲ್ಲ.

ಇನ್ನೊಂದು ವಿಷ್ಯ, ಮೆಷಿನ್‌ನ ಡೇಟ್ ಕೂಡ ನಿಲ್ಲಲ್ಲ, ರಾತ್ರಿ ಮೇನ್ ಸ್ವಿಚ್ ಆಫ್ ಮಾಡ್ತೀವಲ್ಲ, ದಿನಾ ಬೆಳಿಗ್ಗೆ ಅಪ್ಪ ಡೇಟ್ ಹಾಕೇ ಶುರು ಮಾಡೋದು. ಅದು ಹಳೇ ಕಥೆ ಬಿಡಿ.

ಬಿಟ್ಟಾಕಿ_ಬೆಂಗಳೂರು

ಗುರೂ 2003ಕ್ಕೇ ಹಳೇದಾಗಿದ್ದ ಮೆಷಿನ್ ಅದು. ಅಂಗಡಿಯವನು ಹೇಳಿದ್ದು ಸರಿಯಾಗೇ ಇದೆ. ಒಂದು ಅಕೌಂಟಿಂಗ್ ಸಾಫ್ಟ್‌ವೇರ್ ಹಾಕ್ಸಿ ನೆಮ್ಮದಿಯಾಗಿರಿ.

ಟಿಟಿವೈ_ತಾತ

ಸೀಸನ್ ಮಧ್ಯ ಮಂಡಿ ಲೆಕ್ಕದ ಸಾಫ್ಟ್‌ವೇರ್ ಬದಲಾಯ್ಸು ಅನ್ನೋರು ಮಂಡಿ ಮೆಟ್ಟಿಲು ಹತ್ತಿದೋರಲ್ಲ. ಸೀಸನ್ ಮುಗೀಲಿ, ಆಮೇಲೆ ಬದಲಾಯಿಸಲಿ. ಈಗ ಪ್ರಿಂಟ್ ಬರಬೇಕು ಅಷ್ಟೇ.

ತಮ್ಮಾ, ನಾನು ಬ್ಯಾಂಕುಗಳಿಗೆ ಯುನಿಕ್ಸ್ ಹಾಕ್ಕೊಡೋ ಕಂಪನೀಲಿ ಇದ್ದೆ. ರಂಗರಾಜನ್ ಸಮಿತಿ ವರದಿ 1984ರಲ್ಲಿ ಬಂದ್ಮೇಲೆ ಶಾಖೆ ಶಾಖೆಗೂ ಕಂಪ್ಯೂಟರ್ ಅಂತ ಶುರುವಾಯ್ತಲ್ಲ, ಆ ಕಾಲದ ಮನುಷ್ಯ. ಕೌಂಟರಲ್ಲಿ ಡಂಬ್ ಟರ್ಮಿನಲ್, ಒಳಗೊಂದು ಯುನಿಕ್ಸ್ ಮೆಷಿನ್, ಪಾಸ್‌ಬುಕ್ ಪ್ರಿಂಟರ್ ಕಿರಗುಟ್ಟೋದು, ಇದೇ ನನ್ನ ಜೀವನ ಆಗಿತ್ತು.

ಹೊಸ ಪ್ರಿಂಟರ್ ಮೇಲೆ ಈಗ್ಲೇ ತಪ್ಪು ಹೊರಿಸ್ಬೇಡ. ಮೊದಲು ಮೂರು ಮಾಹಿತಿ ಕೊಡು. ಕಮಾಂಡೆಲ್ಲ ಮೊಬೈಲಲ್ಲಿ ಕನ್ನಡದಲ್ಲೇ ಬರೀತಿದೀನಿ, ನೀನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡ್ಕೋ.

ಪ್ರಿಂಟರಿಂದ ಕೇಬಲ್ ಕಿತ್ತು, ಲೈನ್ ಫೀಡ್ ಬಟನ್ ಒತ್ತಿ ಹಿಡ್ಕೊಂಡು ಪವರ್ ಆನ್ ಮಾಡು, ಸೆಲ್ಫ್ ಟೆಸ್ಟ್ ಬರುತ್ತೆ. ಬಂದ್ರೆ ಪ್ರಿಂಟರ್ ಸರಿ ಇದೆ ಅಂತ.

ಆಮೇಲೆ ರೂಟ್ ಆಗಿ ಲಾಗಿನ್ ಆಗಿ 'ಎಚ್‌ಡಬ್ಲ್ಯೂಕಾನ್ಫಿಗ್ -ಎಚ್' ಹೊಡಿ. ಬೂಟ್ ಆಗ್ವಾಗ ಕರ್ನಲ್ಲಿಗೆ (ಯುನಿಕ್ಸಿನ ತಿರುಳಿಗೆ) ಕಂಡ ಹಾರ್ಡ್‌ವೇರ್ ಎಲ್ಲಾ ಸಾಲಾಗಿ ತೋರ್ಸುತ್ತೆ. ಅದರಲ್ಲಿ ಪ್ಯಾರಲಲ್ ಅನ್ನೋ ಸಾಲು ಇದ್ಯಾ, ಇದ್ರೆ ಅಡ್ರೆಸ್ ಎಷ್ಟು, ಇಂಟರಪ್ಟ್ (ಪೋರ್ಟು ಕಂಪ್ಯೂಟರನ್ನ ಕರೆಯೋ ಲೈನಿನ ನಂಬರ್) ಎಷ್ಟು.

ಮೂರನೇದು, ಸ್ಪೂಲರ್‌ನ (ಪ್ರಿಂಟ್ ಕ್ಯೂ ನೋಡ್ಕೊಳ್ಳೋ ಪ್ರೋಗ್ರಾಮ್) ಪಕ್ಕಕ್ಕಿಟ್ಟು ನೇರವಾಗಿ 'ಡೇಟ್ > /ಡೆವ್/ಎಲ್‌ಪಿ0' ಹೊಡಿ. ತಾರೀಕು ಪೇಪರ್ ಮೇಲೆ ಬಂದ್ರೆ ವೈರು ಪೋರ್ಟು ಸರಿ, ತಪ್ಪು ಸ್ಪೂಲರಲ್ಲಿ. ಬರ್ದೇ ಇದ್ರೆ ಸ್ಪೂಲರ್ ಮುಟ್ಲೇಬೇಡ. ಎಲ್ಲರೂ ಮಾಡೋ ತಪ್ಪು ಇದೇ, ಎಲ್‌ಪಿಅಡ್ಮಿನ್ ಹತ್ರ ಹೋಗಿ ಪ್ರಿಂಟರ್ ಡಿಲೀಟ್ ಮಾಡಿ ಮತ್ತೆ ಸೇರ್ಸಿ ಮತ್ತೆ ಡಿಲೀಟ್ ಮಾಡಿ, ಚೆನ್ನಾಗಿದ್ದದ್ದನ್ನೂ ಕೆಡಿಸ್ಕೊಂಡು ಕೂರ್ತಾರೆ.

ಡೇಟ್ ನಿಲ್ಲಲ್ಲ ಅಂದ್ಯಲ್ಲ, ಅದನ್ನ 'ಬಿಡಿ' ಅನ್ಬೇಡ. ಅದು ಎಷ್ಟು ದಿನದಿಂದ?

ಮಂಡಿಮನೆ_ಶಿವಮೊಗ್ಗ

ಸಾರ್ ಸೆಲ್ಫ್ ಟೆಸ್ಟ್ ಚೆನ್ನಾಗಿ ಬಂತು. ಎಚ್‌ಡಬ್ಲ್ಯೂಕಾನ್ಫಿಗ್‌ನಲ್ಲಿ ಸೀರಿಯಲ್ ಎರಡು ಸಾಲು ಇದೆ, ಫ್ಲಾಪಿ ಇದೆ, ಡಿಸ್ಕ್ ಇದೆ, ನೆಟ್‌ವರ್ಕ್ ಕಾರ್ಡ್ ಇದೆ, ಪ್ಯಾರಲಲ್ ಅಂತ ಸಾಲೇ ಇಲ್ಲ. ಡೇಟ್ ಕಮಾಂಡಿಗೆ 'ಕೆನಾಟ್ ಕ್ರಿಯೇಟ್' ಅಂತು.

ಡೇಟ್ ಹೋಗೋಕೆ ಶುರುವಾಗಿದ್ದು ದೀಪಾವಳಿ ಹಿಂದೆಮುಂದೆ. ಪ್ರಿಂಟರ್ ಕೆಟ್ಟಿದ್ದೂ ಹೆಚ್ಚೂಕಮ್ಮಿ ಆವಾಗ್ಲೇ ಸಾರ್, ಈಗ ಹೇಳ್ತಾ ಇದ್ರೆ ಹೊಳೀತಿದೆ.

ಟಿಟಿವೈ_ತಾತ

ಅಲ್ಲಿಗೆ ಸಿಕ್ಕಾಕೊಂಡ ಕಳ್ಳ. ಮದರ್‌ಬೋರ್ಡ್ ಮೇಲೆ ನಾಣ್ಯದ ಥರ ಒಂದು ಸೆಲ್ ಇರುತ್ತೆ, ಸಿಆರ್2032. ಅದು ಸತ್ತಿದೆ. ನೀವು ರಾತ್ರಿ ಮೇನೇ ತೆಗೆಯೋದ್ರಿಂದ ಡೇಟ್ ಜೊತೆ ಬಯಾಸ್ (ಬೋರ್ಡಿನ ಒಳಗಿರೋ ಮೂಲ ಪ್ರೋಗ್ರಾಮ್) ಸೆಟ್ಟಿಂಗ್ ಪೂರ್ತಿ ಅಳಿಸಿ ಹೋಗ್ತಿದೆ, ಬೆಳಿಗ್ಗೆ ಎದ್ದ ತಕ್ಷಣ ಬೋರ್ಡು ತನ್ನ ಫ್ಯಾಕ್ಟ್ರಿ ಸೆಟ್ಟಿಂಗ್ ಹಾಕ್ಕೊಳ್ಳುತ್ತೆ. ಆ ಸೆಟ್ಟಿಂಗ್‌ನಲ್ಲಿ ನಿಮ್ಮ ಪ್ಯಾರಲಲ್ ಪೋರ್ಟ್ ಒಂದೋ ಡಿಸೇಬಲ್ ಆಗಿರುತ್ತೆ, ಇಲ್ಲಾ 278 ಅನ್ನೋ ಅಡ್ರೆಸ್ಸಿಗೆ ಹೋಗಿ ಕೂತಿರುತ್ತೆ. ಎಸ್‌ಸಿಒ ಹಾಕ್ದೋನು 378ರಲ್ಲಿ ಇದೆ ಅಂತ ಕರ್ನಲ್ಲಿಗೆ ಹೇಳಿಟ್ಟಿದಾನೆ. ಇದು ವಿಂಡೋಸ್ ಅಲ್ಲ, ತಾನಾಗೇ ಹುಡುಕ್ಕೊಂಡು ಹೋಗಲ್ಲ, ಹೇಳಿದ ಜಾಗದಲ್ಲಿ ಇಲ್ಲ ಅಂದ್ರೆ ಇಲ್ಲ ಅಷ್ಟೇ.

ನಂಬಿಕೆ ಬರ್ದಿದ್ರೆ /ಯುಎಸ್‌ಆರ್/ಎಡಿಎಂ/ಮೆಸೇಜಸ್ ಫೈಲ್ ತೆಗೆದು ನೋಡು. ಪ್ರತಿ ಬೂಟಿನ ಪಟ್ಟಿ ಅದರಲ್ಲಿ ಉಳಿದಿರುತ್ತೆ. ಹಳೇ ಬೂಟ್‌ಗಳಲ್ಲಿ ಪ್ಯಾರಲಲ್ 0x378-0x37ಎ, ಇಂಟರಪ್ಟ್ 7, ಯೂನಿಟ್ 0 ಅಂತ ಇರುತ್ತೆ, ಯಾವತ್ತಿಂದ ಆ ಸಾಲು ಮಾಯ ಆಯ್ತು ಅಂತ್ಲೂ ಸಿಗುತ್ತೆ.

ಬಯಾಸ್ ಒಳಗೆ ಹೋಗೋಕೆ ಮುಂಚೆ ಪ್ರತಿ ಪುಟದ ಫೋಟೋ ತಕ್ಕೋ. ವಿಶೇಷವಾಗಿ ಹಾರ್ಡ್‌ಡಿಸ್ಕ್ ಮೋಡ್. ಈಗ ಆಟೋದಲ್ಲಿ ಬೂಟ್ ಆಗ್ತಿದೆ ಅಂದ್ರೆ ಅದನ್ನ ಮುಟ್ಬೇಡ, ಎಲ್‌ಬಿಎ ಇದ್ದದ್ದು ನಾರ್ಮಲ್ ಆಯ್ತು ಅಂದ್ರೆ ಡಿಸ್ಕ್ ಲೆಕ್ಕ ತಪ್ಪಿ ಯುನಿಕ್ಸ್ ಏಳೋದೇ ಇಲ್ಲ. ಸೆಲ್ ಬದಲಾಯ್ಸು, ಪ್ಯಾರಲಲ್ ಪೋರ್ಟನ್ನ 378, ಐಆರ್‌ಕ್ಯೂ (ಅದೇ ಇಂಟರಪ್ಟ್) 7 ಮಾಡು, ಮೋಡ್ ಎಸ್‌ಪಿಪಿ ಅಥವಾ ನಾರ್ಮಲ್ ಅಂತ ಇರೋದು ಹಾಕು. ಇಸಿಪಿ ಬೇಡ.

ಅದಕ್ಕೂ ಮುಂಚೆ ಡಿಸ್ಕ್ ಬ್ಯಾಕಪ್ ಇದ್ಯಾ?

ಮಂಡಿಮನೆ_ಶಿವಮೊಗ್ಗ

ಮೆಸೇಜಸ್ ಫೈಲಲ್ಲಿ ನೀವು ಹೇಳಿದ ಸಾಲು ಅಕ್ಷರಶಃ ಹಂಗೇ ಇತ್ತು ಸಾರ್!! ಹಾಗಾದ್ರೆ ಹಳೇ ಪ್ರಿಂಟರ್ ಕೆಟ್ಟೇ ಇರ್ಲಿಲ್ವಾ?? ಅದನ್ನ ಎಕ್ಸ್‌ಚೇಂಜಿಗೆ ಕೊಟ್ಟಾಯ್ತಲ್ಲ…

ಬ್ಯಾಕಪ್ ಅಂದ್ರೆ ಅಪ್ಪ ಫ್ಲಾಪಿಗೆ ತಗೀತಾ ಇದ್ರು, ಈಗ ಫ್ಲಾಪಿ ಸಿಗಲ್ಲ.

ಟಿಟಿವೈ_ತಾತ

ಆ ಅಂಗಡಿಯವನು ಸೆಲ್ಫ್ ಟೆಸ್ಟ್ ಬಟನ್ ಒಂದು ಒತ್ತಿದ್ರೆ ಗೊತ್ತಾಗ್ತಿತ್ತು. ಹೋಗ್ಲಿ, ಹೊಸದು ಬಂತಲ್ಲ.

ಪಿಂಗ್_ಮೈಸೂರು

ಬ್ಯಾಕಪ್ ವಿಷ್ಯ ನಾನು ಹೇಳ್ತೀನಿ, ನಮ್ಮ ಮಾವನ ರೈಸ್ ಮಿಲ್ಲಲ್ಲಿ ಇದೇ ಮಾಡಿದ್ದು. 'ಶಟ್‌ಡೌನ್ -ಜಿ0 -ವೈ' ಕೊಟ್ಟು ಸರಿಯಾಗಿ ಆಫ್ ಮಾಡಿ (ಸುಮ್ನೆ ಸ್ವಿಚ್ ತೆಗೀಬೇಡಿ), ಡಿಸ್ಕ್ ಹೊರಗೆ ತೆಗೆದು ಐಡಿಇ ಟು ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿ, ಲಿನಕ್ಸ್ ಲ್ಯಾಪ್‌ಟಾಪಲ್ಲಿ ಡಿಡಿ ಕಮಾಂಡಲ್ಲಿ ಪೂರ್ತಿ ಡಿಸ್ಕ್ ಒಂದು ಇಮೇಜ್ ಫೈಲ್ ಮಾಡ್ಕೊಳ್ಳಿ. ಎಸ್‌ಸಿಒದ ಎಚ್‌ಟಿಎಫ್‌ಎಸ್ ಫೈಲ್‌ಸಿಸ್ಟಮ್ಮನ್ನ ಲಿನಕ್ಸ್ ಓದಲ್ಲ, ಮೌಂಟ್ ಆಗ್ಲಿಲ್ಲ ಅಂತ ಗಾಬರಿ ಬೇಡ, ಡಿಡಿಗೆ ಫೈಲ್‌ಸಿಸ್ಟಂ ಗೊತ್ತಿರ್ಬೇಕಾಗಿಲ್ಲ, ಅದು ಬಿಟ್ ಬಿಟ್ ಕಾಪಿ ಮಾಡುತ್ತೆ. ಇನ್‌ಪುಟ್ ಔಟ್‌ಪುಟ್ ಅದ್ಲುಬದ್ಲು ಮಾತ್ರ ಮಾಡ್ಬೇಡಿ ದೇವ್ರಾಣೆ. ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದ್ರೆ 'ಫಾರ್ಮ್ಯಾಟ್ ಮಾಡ್ಲಾ' ಅಂತ ಕೇಳುತ್ತೆ, ಓಕೆ ಒತ್ತಿದ್ರೆ ಮುಗೀತು.

ಇಮೇಜ್ ಇದ್ರೆ ಆಮೇಲೆ ವರ್ಚುವಲ್ ಮೆಷಿನ್ ಮಾಡ್ಕೊಳ್ಳೋಕೂ ಬರುತ್ತೆ. ವಿಎಂವೇರ್‌ನಲ್ಲಿ ಹಳೇ ಎಎಂಡಿ ಪಿಸಿನೆಟ್ ಕಾರ್ಡ್ ಕೊಟ್ರೆ 5.0.5ರ ಜೊತೆ ಬರೋ ಪಿಎನ್‌ಟಿ ಡ್ರೈವರ್ ಅದನ್ನ ಹಿಡಿಯುತ್ತೆ.

ಬಿಟ್ಟಾಕಿ_ಬೆಂಗಳೂರು

ಯುಎಸ್‌ಬಿ ಕೇಬಲ್ ಹಾಕಿದ್ರೆ ಆಗ್ತಿತ್ತಲ್ಲ ಇಷ್ಟೆಲ್ಲ ಯಾಕೆ?

ಪಿಂಗ್_ಮೈಸೂರು

5.0.5 ಬಂದಿದ್ದು ತೊಂಬತ್ತರ ದಶಕದ ಕೊನೇಲಿ, ಅದರಲ್ಲಿ ಯುಎಸ್‌ಬಿ ಅನ್ನೋದೇ ಇಲ್ಲ ಬ್ರದರ್. 2003ರ 5.0.7ರಲ್ಲಿ ಬಂತು. ಇನ್ನು ಯುಎಸ್‌ಬಿ ಟು ಪ್ಯಾರಲಲ್ ಕೇಬಲ್ ಅಂತ ಮಾರ್ತಾರಲ್ಲ, ಅದನ್ನ ಉಲ್ಟಾ ಹಾಕ್ಬಹುದಾ ಅಂತ ಮುಂದೆ ಯಾರಾದ್ರೂ ಕೇಳ್ತೀರಿ, ಅದೂ ಆಗಲ್ಲ, ಅದರಲ್ಲಿ ಕಂಪ್ಯೂಟರ್ ಕಡೆಗೆ ಯಾವತ್ತೂ ಯುಎಸ್‌ಬಿನೇ. ಪಿಸಿಐ ಪ್ಯಾರಲಲ್ ಕಾರ್ಡ್ ಕೂಡ ಕಷ್ಟ, ಅದು ತನಗೆ ಇಷ್ಟ ಬಂದ ಅಡ್ರೆಸ್ ತಗೊಳ್ಳುತ್ತೆ, ಎಸ್‌ಸಿಒ ಡ್ರೈವರ್‌ಗೆ ಹಳೇ ಕಾಲದ ಅಡ್ರೆಸ್‌ಗಳಷ್ಟೇ ಗೊತ್ತು. ಹಾಗಾಗಿ ಬೋರ್ಡ್ ಮೇಲಿರೋ ಪೋರ್ಟೇ ಬಂಗಾರ.

ಮಂಡಿಮನೆ_ಶಿವಮೊಗ್ಗ

ಇಮೇಜ್ ತಗೊಂಡೆ, ಫೋಟೋ ತಗೊಂಡೆ, ಸೆಲ್ ಹಾಕ್ದೆ, ಬಯಾಸ್ ಸೆಟ್ ಮಾಡ್ದೆ. ಈಗ ಪ್ಯಾರಲಲ್ ಸಾಲು ಬಂತು. ಡೇಟ್ ಕಮಾಂಡ್ ಹೊಡೆದೆ, ಹೊಸ ಪ್ರಿಂಟರ್ ಮೇಲೆ ತಾರೀಕು ಬಂತು! ಅಪ್ಪ ಆ ಪೇಪರ್ ಹರಿದು ಜೇಬಲ್ಲಿಟ್ಕೊಂಡ್ರು.

ಆದ್ರೆ ಪಟ್ಟಿ ಕೊಟ್ರೆ ಒಂದೆರಡು ಸಾಲು ಹೊಡೆದು ನಿಲ್ಲುತ್ತೆ, ಸ್ವಲ್ಪ ಹೊತ್ತು ಸುಮ್ನಿದ್ದು ಮತ್ತೆ ಒಂದೆರಡು ಸಾಲು. ಒಂದು ಪಟ್ಟಿ ಮುಗಿಯೋದ್ರಲ್ಲಿ ರೈತ ಕಾಫಿ ಕುಡಿದು ಬರ್ಬಹುದು. ಇದೇನ್ ಸಾರ್?

ಟಿಟಿವೈ_ತಾತ

ಇಂಟರಪ್ಟ್ ಬರ್ತಿಲ್ಲ. ಪ್ರಿಂಟರ್ ಒಂದಷ್ಟು ಅಕ್ಷರ ತಗೊಂಡು 'ನಾನು ರೆಡಿ' ಅಂತ ಐಆರ್‌ಕ್ಯೂ 7ರಲ್ಲಿ ಗಂಟೆ ಹೊಡೀಬೇಕು, ಆ ಗಂಟೆ ಕೇಳ್ದಿದ್ರೆ ಡ್ರೈವರ್ ಕಾದು ಕಾದು ತಾನೇ ಒಂದ್ಸಲ ಇಣುಕಿ ನೋಡಿ ಮುಂದಿನ ತುತ್ತು ಕೊಡುತ್ತೆ. ಅದೇ ಈ ನಿಂತು ನಿಂತು ಹೋಗೋದು.

'ಎಚ್‌ಡಬ್ಲ್ಯೂಕಾನ್ಫಿಗ್ -ಎಚ್‌ಸಿ' ಹೊಡಿ, ಯಾವುದರ ಜೊತೆ ಯಾವುದು ಡಿಕ್ಕಿ ಹೊಡೀತಿದೆ ಅಂತ ಅದೇ ಹೇಳುತ್ತೆ. ನನಗೆ ಅನುಮಾನ ನೆಟ್‌ವರ್ಕ್ ಕಾರ್ಡ್ ಮೇಲೆ. ಸೆಲ್ ಸತ್ತಿದ್ದಾಗ ಪ್ಯಾರಲಲ್ ಪೋರ್ಟ್ 7ರಲ್ಲಿ ಇರ್ಲಿಲ್ಲ, ಆ ನಂಬರ್ ಖಾಲಿ ಇದೆ ಅಂತ ಬಯಾಸ್ ಅದನ್ನ ಪಿಸಿಐ ಕಾರ್ಡಿಗೆ ಹಂಚಿರುತ್ತೆ.

ಬಯಾಸಲ್ಲಿ ಪಿಎನ್‌ಪಿ/ಪಿಸಿಐ ಅಂತ ಒಂದು ಪುಟ ಇರುತ್ತೆ. ಅಲ್ಲಿ ರಿಸೋರ್ಸಸ್ ಮ್ಯಾನ್ಯುಯಲ್ ಮಾಡಿ, ಐಆರ್‌ಕ್ಯೂ 7 ಎದುರಿಗೆ 'ಲೆಗಸಿ ಐಎಸ್‌ಎ' ಹಾಕು. ಅದೇ ಪುಟದಲ್ಲಿ 'ರೀಸೆಟ್ ಕಾನ್ಫಿಗರೇಶನ್ ಡೇಟಾ' ಎನೇಬಲ್ ಮಾಡು, ಹಳೇ ಹಂಚಿಕೆ ಮರೆತು ಹೊಸದಾಗಿ ಹಂಚುತ್ತೆ. 'ಪಿಎನ್‌ಪಿ ಓಎಸ್ ಇನ್‌ಸ್ಟಾಲ್ಡ್' ಅಂತ ಇದ್ರೆ ನೋ.

ಹುಬ್ಬಳ್ಳಿ_ಹತ್ತಿ

ನಡಬರಕ ಬಂದೆ ತಪ್ಪ ತಿಳಕೋಬ್ಯಾಡ್ರಿ. ನಮ್ಮದು ಹತ್ತಿ ಜಿನ್ನಿಂಗ್, ನಮ್ಮಲ್ಲೂ ಇದ ಎಸ್‌ಸಿಒ ಐತಿ. ವೇಬ್ರಿಡ್ಜ್ ಇಂಡಿಕೇಟರ್ ಸೀರಿಯಲ್ ಪೋರ್ಟಿಗೆ ಹಚ್ಚೇವ್ರಿ, ಲಾರಿ ತೂಕ ಸೀದಾ ಕಂಪ್ಯೂಟರಿಗೆ ಬರಬೇಕು. 'ಕ್ಯಾಟ್ < /ಡೆವ್/ಟಿಟಿವೈ2ಎ' ಅಂತ ಹೊಡದ್ರ ಹಂಗ ಕೂತಬಿಡತೈತ್ರಿ, ಕಂಟ್ರೋಲ್ ಡಿಲೀಟ್ ಏನ ಒತ್ತಿದ್ರೂ ಏನೂ ಬರಂಗಿಲ್ಲ. ಲ್ಯಾಪ್‌ಟಾಪಿಗೆ ಹಚ್ಚಿದ್ರ ಅದ ಕೇಬಲ್ಲಿನ್ಯಾಗ ತೂಕ ಚಂದಾಗಿ ಬರ್ತೈತಿ.

ಟಿಟಿವೈ_ತಾತ

ಕೊನೇ ಎ ದೊಡ್ಡಕ್ಷರ ಹೊಡೆದ್ರೋ ಸಣ್ಣಕ್ಷರ ಹೊಡೆದ್ರೋ? ಎಸ್‌ಸಿಒದಲ್ಲಿ ಒಂದೇ ಪೋರ್ಟಿಗೆ ಎರಡು ಹೆಸರು. ದೊಡ್ಡ ಎ ಇದ್ರೆ ಮೋಡೆಮ್ ಕಂಟ್ರೋಲ್, ಅಂದ್ರೆ ಆ ಕಡೆಯಿಂದ ಕ್ಯಾರಿಯರ್ ಸಿಗ್ನಲ್ ಬರೋ ತನಕ ಪೋರ್ಟ್ ತೆಗೆಯೋದೇ ಇಲ್ಲ, ಕಾಯ್ತಾ ಕೂರುತ್ತೆ. ನಿಮ್ಮ ಇಂಡಿಕೇಟರಲ್ಲಿ ಮೂರೇ ವೈರು, ಕ್ಯಾರಿಯರ್ ಎಲ್ಲಿಂದ ಬರ್ಬೇಕು. ಸಣ್ಣ ಎ ಹಾಕಿ.

ಮತ್ತೆ ಇನ್ನೊಂದು, ಎಸ್‌ಟಿಟಿವೈಯಲ್ಲಿ (ಪೋರ್ಟ್ ಸೆಟ್ಟಿಂಗ್ ಹಾಕೋ ಕಮಾಂಡ್) ಸ್ಪೀಡ್ ಹಾಕಿ ಬಿಟ್ರೆ ನಿಲ್ಲಲ್ಲ, ಪೋರ್ಟ್ ಮುಚ್ಚಿದ ಕೂಡ್ಲೇ ಹಳೇದಕ್ಕೆ ಹೋಗುತ್ತೆ. ಯಾರಾದ್ರೂ ಆ ಪೋರ್ಟನ್ನ ತೆಗೆದು ಹಿಡ್ಕೊಂಡಿರ್ಬೇಕು. ಒಂದು ಸಣ್ಣ ಸ್ಕ್ರಿಪ್ಟಲ್ಲಿ ಮೊದಲು ಎಸ್‌ಟಿಟಿವೈ, ಅದರ ಹಿಂದೆ ಕೊನೆಯಿಲ್ಲದ ವೈಲ್ ಲೂಪಲ್ಲಿ 'ಸ್ಲೀಪ್ 3600', ಇಡೀ ಬ್ರಾಕೆಟ್ಟಿನ ಇನ್‌ಪುಟ್ /ಡೆವ್/ಟಿಟಿವೈ2ಎಯಿಂದ (ಸಣ್ಣ ಎ) ಅಂತ ಮಾಡಿ ಬ್ಯಾಕ್‌ಗ್ರೌಂಡಿಗೆ ತಳ್ಳಿ. ಬೂಟ್ ಆಗ್ವಾಗ ಶುರುವಾಗೋ ಹಾಗೆ ಇಟ್ರೆ ಸಾಕು. ಸೀರಿಯಲ್ ಪ್ರಿಂಟರ್ ಇರೋರಿಗೂ ಇದೇ ಮದ್ದು.

ಹುಬ್ಬಳ್ಳಿ_ಹತ್ತಿ

ಹೌದ್ರಿ ದೊಡ್ಡ ಎ ಇತ್ರಿ!! ಸಣ್ಣದು ಹಾಕಿದ್ಮ್ಯಾಲೆ ತೂಕ ಬಂತು ನೋಡ್ರಿ. ಬರೇ ಒಂದ ಅಕ್ಷರ, ಎಷ್ಟ ತಲಿ ತಿಂತು ಅಂತೀರಿ. ಲೂಪಿಂದೂ ಮಾಡಿ ನೋಡ್ತೀನ್ರಿ. ದೊಡ್ಡ ಉಪಕಾರ ಆತು ಅಜ್ಜಾರ.

ಮಂಡಿಮನೆ_ಶಿವಮೊಗ್ಗ

ಸಾರ್ ನೆಟ್‌ವರ್ಕ್ ಕಾರ್ಡೇ 7ರಲ್ಲಿ ಕೂತಿತ್ತು. ಲೆಗಸಿ ಹಾಕಿದ್ಮೇಲೆ 11ಕ್ಕೆ ಹೋಯ್ತು. ಈಗ ಪ್ರಿಂಟರ್ ಸರಸರ ಅಂತ ಹೊಡೀತಿದೆ.

ಕೊನೇದೊಂದು ತಲೆನೋವು. ಮೊದಲ ಪಟ್ಟಿ ಸರಿಯಾಗಿ ಬರುತ್ತೆ, ಎರಡನೇದು ಒಂದಿಂಚು ಮೇಲಕ್ಕೆ ಹೋಗುತ್ತೆ, ಮೂರನೇದು ಎರಡಿಂಚು. ಆಮೇಲೆ ಪಟ್ಟಿಯ ಹೆಡ್ಡಿಂಗ್ ಹಿಂದಿನ ಹಾಳೆಯ ಬುಡಕ್ಕೆ ಹೋಗಿ ಹೊಡ್ಕೊಳ್ಳುತ್ತೆ. ಪೇಪರ್ ಟ್ರ್ಯಾಕ್ಟರ್ ಸರಿ ಮಾಡಿ ನೋಡ್ದೆ, ಅದೇ ಕಥೆ.

ಟಿಟಿವೈ_ತಾತ

ಇದು ನಮ್ಮ ದೇಶದ ಪೇಪರ್ ಪ್ರಾಬ್ಲಂ. ಅಮೆರಿಕದ ಹಾಳೆ 11 ಇಂಚು ಉದ್ದ, ಇಂಚಿಗೆ 6 ಸಾಲಿನ ಲೆಕ್ಕದಲ್ಲಿ 66 ಸಾಲು. ನಮ್ಮಲ್ಲಿ ಮಂಡಿ, ಬ್ಯಾಂಕು, ಸೊಸೈಟಿ ಎಲ್ಲ ಕಡೆ ಓಡೋ ಕಂಟಿನ್ಯುಯಸ್ ಪೇಪರ್ 15 ಇಂಟು 12 ಇಲ್ಲಾ 10 ಇಂಟು 12, ಅಂದ್ರೆ 72 ಸಾಲು. ಹೊಸ ಪ್ರಿಂಟರ್ ಫ್ಯಾಕ್ಟ್ರಿಯಿಂದ 11ಕ್ಕೆ ಸೆಟ್ ಆಗಿ ಬಂದಿದೆ, ಪ್ರತಿ ಫಾರ್ಮ್ ಫೀಡಿಗೂ 11 ಇಂಚೇ ಓಡಿಸುತ್ತೆ, ಒಂದಿಂಚು ಬಾಕಿ. ಹಳೇ ಪ್ರಿಂಟರಲ್ಲಿ ಯಾರೋ ಪುಣ್ಯಾತ್ಮ ಡಿಪ್ ಸ್ವಿಚ್ 12ಕ್ಕೆ ಹಾಕಿಟ್ಟಿದ್ದ, ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗ್ಲಿಲ್ಲ.

ಹೊಸದರ ಪ್ಯಾನೆಲ್ ಮೆನುವಲ್ಲಿ ಪೇಜ್ ಲೆಂತ್ 12 ಇಂಚು ಮಾಡು, ಅಷ್ಟೇ ಸಾಕು. ಅದು ಮಾಡೋಕೆ ಬರ್ಲಿಲ್ಲ ಅಂದ್ರೆ ಪ್ರತಿ ಪ್ರಿಂಟ್ ಮುಂದೆ ಒಂದು ಕೋಡ್ ಕಳಿಸ್ಬೇಕು. ಎಪ್ಸನ್ ಭಾಷೇಲಿ ಎಸ್ಕೇಪ್, ಆಮೇಲೆ ದೊಡ್ಡ ಸಿ, ಆಮೇಲೆ ಎಷ್ಟು ಸಾಲೋ ಆ ನಂಬರಿನ ಅಕ್ಷರ. 72 ಅಂದ್ರೆ ಆಸ್ಕಿಯಲ್ಲಿ ದೊಡ್ಡ ಎಚ್. ಹಾಗಾಗಿ ಎಸ್ಕೇಪ್ ಸಿ ಎಚ್, ಮೂರೇ ಅಕ್ಷರ. /ಯುಎಸ್‌ಆರ್/ಸ್ಪೂಲ್/ಎಲ್‌ಪಿ/ಅಡ್ಮಿನ್ಸ್/ಎಲ್‌ಪಿ/ಇಂಟರ್‌ಫೇಸಸ್ ಒಳಗೆ ನಿಮ್ಮ ಪ್ರಿಂಟರ್ ಹೆಸರಿನ ಸ್ಕ್ರಿಪ್ಟ್ ಇರುತ್ತೆ, ಫೈಲ್ ಕಳ್ಸೋ ಸಾಲಿನ ಮೇಲೆ ಒಂದು ಎಕೋ ಸೇರ್ಸು. ಮೊದಲು ಆ ಸ್ಕ್ರಿಪ್ಟ್ ಕಾಪಿ ಇಟ್ಕೋ, ಆದ್ರೆ ಕಾಪಿನ ಅದೇ ಡೈರೆಕ್ಟರಿಯಲ್ಲಿ ಇಡ್ಬೇಡ, ಬೇರೆ ಕಡೆ ಇಡು.

ಮಂಡಿಮನೆ_ಶಿವಮೊಗ್ಗ

ಪ್ಯಾನೆಲಲ್ಲೇ ಸಿಕ್ತು ಸಾರ್, 12 ಮಾಡ್ದೆ, ಈಗ ಕಟ್ಟು ಕಟ್ಟು ಪಟ್ಟಿ ಹೊಡೆದ್ರೂ ಒಂದೇ ಜಾಗಕ್ಕೆ ಬೀಳ್ತಿದೆ.

ಇನ್ನು ಟರ್ಮಿನಲ್. ಒಂದು ಹಳೇ ವಿಂಡೋಸ್ ಲ್ಯಾಪ್‌ಟಾಪ್ ಇದೆ, ಯುಎಸ್‌ಬಿ ಟು ಸೀರಿಯಲ್ ತಂದಿದೀನಿ. ವೈಸ್‌ನ ಕೇಬಲ್ ತುದಿ 25 ಪಿನ್ನು, ಇದರದ್ದು 9 ಪಿನ್ನು. ಕೇಬಲ್ ಹೊಸದಾಗಿ ಎಳೀಬೇಕಾ? ಅದು ಅಟ್ಟದ ಮೇಲಿಂದ ಬಂದಿದೆ, ಇಲಿ ಕಾಟ ಬೇರೆ.

ಟಿಟಿವೈ_ತಾತ

ಎಳೀಬೇಡ. ಆ ಕೇಬಲ್ ಸರ್ವರ್ ಕಡೆ 9 ಪಿನ್, ಟರ್ಮಿನಲ್ ಕಡೆ 25 ಪಿನ್, ಒಳಗೆ 2ಕ್ಕೆ 2, 3ಕ್ಕೆ 3, 5ಕ್ಕೆ 7. ನೋಡೋಕೆ ನೇರ ಕಂಡ್ರೂ ಅದು ಕ್ರಾಸ್ ಕೇಬಲ್ಲೇ, ಯಾಕಂದ್ರೆ 9 ಪಿನ್ನಿನಲ್ಲಿ 2 ಅನ್ನೋದು ಕೇಳೋ ವೈರು, 25 ಪಿನ್ನಿನಲ್ಲಿ 2 ಅನ್ನೋದು ಹೇಳೋ ವೈರು. ಮಾಮೂಲಿ 25 ಟು 9 ಅಡಾಪ್ಟರ್ ತಂದು ತುದಿಗೆ ಸಿಗ್ಸು, ಅದು ಲ್ಯಾಪ್‌ಟಾಪನ್ನ 25 ಪಿನ್ ಟರ್ಮಿನಲ್ ಥರ ತೋರ್ಸುತ್ತೆ. ನಲ್ ಮೋಡೆಮ್ ಅಂತ ಬರ್ದಿರೋದು ತರ್ಬೇಡ, ಕ್ರಾಸ್ ಎರಡು ಸಲ ಆಗಿ ಮತ್ತೆ ನೇರ ಆಗ್ಬಿಡುತ್ತೆ.

ಪಿಂಗ್_ಮೈಸೂರು

ಪುಟ್ಟಿ (ಲ್ಯಾಪ್‌ಟಾಪನ್ನ ಟರ್ಮಿನಲ್ ಥರ ಮಾಡೋ ಪ್ರೋಗ್ರಾಮ್) ಹಾಕ್ಕೊಳ್ಳಿ, ಸೀರಿಯಲ್, 9600, 8 ಬಿಟ್, ಪ್ಯಾರಿಟಿ ಇಲ್ಲ, ಫ್ಲೋ ಕಂಟ್ರೋಲ್ ಎಕ್ಸ್‌ಆನ್ ಎಕ್ಸ್‌ಆಫ್. ಎಂಟರ್ ಒತ್ತಿದ್ರೆ ಲಾಗಿನ್ ಬರುತ್ತೆ. ಆದ್ರೆ ಮಂಡಿ ಪ್ರೋಗ್ರಾಮ್ ತೆಗೆದ ತಕ್ಷಣ ಸ್ಕ್ರೀನ್ ಪೂರ್ತಿ ಕಸ ಬರುತ್ತೆ, ಯಾಕಂದ್ರೆ ಯುನಿಕ್ಸ್ ಇನ್ನೂ ಆ ಕಡೆ ವೈಸ್ 60 ಇದೆ ಅಂತ್ಲೇ ನಂಬಿರುತ್ತೆ, ಪುಟ್ಟಿಗೆ ವೈಸ್ ಭಾಷೆ ಬರಲ್ಲ. /ಇಟಿಸಿ/ಟಿಟಿವೈಟೈಪ್ ಫೈಲಲ್ಲಿ ಆ ಟಿಟಿವೈ ಎದುರಿಗಿರೋ ಡಬ್ಲ್ಯೂವೈ60 ತೆಗೆದು ಎಸ್‌ಸಿಒಆನ್ಸಿ ಅಂತ ಹಾಕಿ. ಪುಟ್ಟಿಯಲ್ಲಿ ಕೀಬೋರ್ಡ್ ಪುಟಕ್ಕೆ ಹೋಗಿ ಫಂಕ್ಷನ್ ಕೀಸ್ 'ಎಸ್‌ಸಿಒ' ಮಾಡಿ, ಹೌದು, ಅವ್ರು ಅದನ್ನ ಇವತ್ತಿಗೂ ಇಟ್ಟಿದಾರೆ. ಕ್ಯಾರೆಕ್ಟರ್ ಸೆಟ್ ಸಿಪಿ437, ಇಲ್ದಿದ್ರೆ ಪಟ್ಟಿಯ ಗೆರೆ ಡಬ್ಬಿ ಎಲ್ಲ ಬೇರೆ ಏನೇನೋ ಅಕ್ಷರ ಆಗುತ್ತೆ.

ಆ ಕೌಂಟರಲ್ಲೇ ಸಣ್ಣ ಪ್ರಿಂಟರ್ ಬೇಕು ಅಂದ್ರೆ ಅದೂ ಆಗುತ್ತೆ. ಲ್ಯಾಪ್‌ಟಾಪಿಗೆ ಪ್ರಿಂಟರ್ ಹಾಕಿ, ಪುಟ್ಟಿಯ ಟರ್ಮಿನಲ್ ಪುಟದಲ್ಲಿ ಆನ್ಸಿ ಪ್ರಿಂಟರ್ ಅಂತ ಅದನ್ನ ಆರಿಸ್ಕೊಳ್ಳಿ (ಸುಮ್ನೆ ಬಿಟ್ರೆ ಡಿಸೇಬಲ್ ಇರುತ್ತೆ). ಯುನಿಕ್ಸ್ ಕಡೆಯಿಂದ ಎಸ್ಕೇಪ್ [5ಐ ಕಳಿಸಿ, ಫೈಲ್ ಕ್ಯಾಟ್ ಮಾಡಿ, ಎಸ್ಕೇಪ್ [4ಐ ಕಳಿಸಿ. ಮಧ್ಯದಲ್ಲಿ ಬಂದಿದ್ದೆಲ್ಲ ಸ್ಕ್ರೀನಿಗೆ ಬರ್ದೆ ಪ್ರಿಂಟರಿಗೆ ಹೋಗುತ್ತೆ. ಸರ್ವರಿಗೆ ಆ ಯುಎಸ್‌ಬಿ ಪ್ರಿಂಟರ್ ಇದೆ ಅಂತ ಗೊತ್ತೇ ಇರಲ್ಲ.

ಟಿಟಿವೈ_ತಾತ

ವೈಸ್‌ನಲ್ಲೂ ಇದೇ ವಿದ್ಯೆ, ಹಿಂದೆ ಆಕ್ಸ್ ಪೋರ್ಟ್ ಅಂತ ಇರೋದು, ಎಸ್ಕೇಪ್ ಡಿ ಹ್ಯಾಶ್ ಕಳಿಸಿದ್ರೆ ಪ್ರಿಂಟರಿಗೆ ತಿರುಗೋದು, ಕಂಟ್ರೋಲ್ ಟಿ ಕಳಿಸಿದ್ರೆ ವಾಪಸ್. ಪಾಸ್‌ಬುಕ್ ಪ್ರಿಂಟರ್ ಎಷ್ಟೋ ಕಡೆ ಹೀಗೇ ಓಡ್ತಿತ್ತು. ಮಧ್ಯ ಕರೆಂಟ್ ಹೋಗಿ ಕಂಟ್ರೋಲ್ ಟಿ ಬರ್ದೇ ಇದ್ರೆ ಮುಂದಿನ ಸ್ಕ್ರೀನೆಲ್ಲ ಪಾಸ್‌ಬುಕ್ ಮೇಲೆ.

ಕಡತ_ಧೂಳು

ಅಂತೂ ಹಳಬರು ಒಟ್ಟಿಗೆ ಸಿಕ್ರಿ, ನಂದೂ ಕೇಳ್ಬಿಡ್ತೀನಿ. ನಮ್ಮ ಸಂಸ್ಥೆಯ ಹಳೇ ಎಸ್‌ಸಿಒ ಮೆಷಿನಲ್ಲಿ ಸದಸ್ಯರ ಹೆಸರು ಕನ್ನಡದಲ್ಲೇ ಇದೆ, ಆಗ ಸಿಡಾಕ್ ಸಂಸ್ಥೆಯ ಜಿಸ್ಟ್ ಅನ್ನೋ, ನಮ್ಮ ಭಾಷೆ ತೋರ್ಸೋ ಟರ್ಮಿನಲ್ ಇತ್ತಂತೆ, ಅದು ಈಗ ಗುಜರಿಗೆ ಹೋಗಿದೆ. ಪುಟ್ಟಿಯಲ್ಲಿ ತೆಗೆದ್ರೆ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ ನಂಬರ್ ಕಲಸಿ ಬರುತ್ತೆ. ಕಮಲ ಅಂತ ಇರ್ಬೇಕಾದ ಕಡೆ '3ಎಲ್‌ಕ್ಯೂ'. ಡೇಟಾ ಹಾಳಾಗಿದ್ಯಾ?

ಟಿಟಿವೈ_ತಾತ

ಹಾಳಾಗಿಲ್ಲ ತಾಯಿ. ಇದನ್ನ ನೋಡಿ ಖುಷಿ ಆಯ್ತು ನನಗೆ.

ಜಿಸ್ಟ್ ಟರ್ಮಿನಲ್ ಡೇಟಾ ಇಡ್ತಿದ್ದದ್ದು ಇಸ್ಕಿ ಅನ್ನೋ ಭಾರತೀಯ ಲಿಪಿಗಳ ಕೋಡಲ್ಲಿ, 1991ರಲ್ಲಿ ಐಎಸ್ 13194 ಅಂತ ಸ್ಟ್ಯಾಂಡರ್ಡ್ ಆದದ್ದು. ಇಂಗ್ಲಿಷ್ ಅಕ್ಷರಕ್ಕೆ ಕೆಳಗಿನ 128 ಜಾಗ, ನಮ್ಮ ಅಕ್ಷರಕ್ಕೆ ಮೇಲಿನ ಅರ್ಧ. ಅಂದ್ರೆ ಎಂಟನೇ ಬಿಟ್ ಇದ್ರೆ ಕನ್ನಡ, ಇಲ್ದಿದ್ರೆ ಇಂಗ್ಲಿಷ್. ಕ ಅಂದ್ರೆ ಹೆಕ್ಸಲ್ಲಿ ಬಿ3, ಅದರ ಎಂಟನೇ ಬಿಟ್ ಕತ್ತರಿಸಿದ್ರೆ 33, ಅದು 3 ಅನ್ನೋ ಅಂಕಿ. ಮ ಅಂದ್ರೆ ಸಿಸಿ, ಕತ್ತರಿಸಿದ್ರೆ 4ಸಿ, ಇಂಗ್ಲಿಷ್ ಎಲ್. ಲ ಅಂದ್ರೆ ಡಿ1, ಕತ್ತರಿಸಿದ್ರೆ 51, ಕ್ಯೂ. ಕಮಲ ಪೂರ್ತಿ ಅಲ್ಲೇ ಇದಾಳೆ, ದಾರೀಲಿ ಯಾರೋ ಒಂದು ಬಿಟ್ ಕಿತ್ಕೊಳ್ತಿದಾರೆ.

ಲೈನ್ 7 ಬಿಟ್, ಈವನ್ ಪ್ಯಾರಿಟಿಗೆ ಸೆಟ್ ಆಗಿರುತ್ತೆ. 'ಎಸ್‌ಟಿಟಿವೈ ಸಿಎಸ್8 -ಪ್ಯಾರೆನ್‌ಬಿ -ಐಸ್ಟ್ರಿಪ್' ಕೊಡಿ, ಪುಟ್ಟಿಯನ್ನೂ 8 ಬಿಟ್ ಮಾಡಿ. ಐಸ್ಟ್ರಿಪ್ ಒಳಗೆ ಬರೋದನ್ನ ಕತ್ತರಿಸುತ್ತೆ, ಅದು ಆನ್ ಇದ್ದಾಗ ಯಾರಾದ್ರೂ ಹೊಸ ಹೆಸರು ಸೇರ್ಸಿದ್ರೆ ಆ ಹೆಸರು ನಿಜವಾಗ್ಲೂ ಹಾಳಾಗಿ ಡಿಸ್ಕಿಗೆ ಹೋಗುತ್ತೆ. ಹಾಗಾಗಿ ಸದ್ಯಕ್ಕೆ ಯಾರೂ ಏನೂ ಎಂಟ್ರಿ ಮಾಡ್ಬೇಡಿ.

ಕಡತ_ಧೂಳು

8 ಬಿಟ್ ಮಾಡಿದ್ಮೇಲೆ ಇಂಗ್ಲಿಷ್ ಹೋಗಿ ಗೆರೆ ಡಬ್ಬಿ ಚಿಹ್ನೆ ಬರ್ತಿದೆ. ಇದು ಸರಿನಾ?

ಪಿಂಗ್_ಮೈಸೂರು

ಸರಿ ಇದೆ ಮೇಡಂ, ಈಗ ಪೂರ್ತಿ ಬೈಟ್ ಬರ್ತಿದೆ, ಪುಟ್ಟಿಗೆ ಇಸ್ಕಿ ಗೊತ್ತಿಲ್ದೆ ಸಿಪಿ437ರ ಅಕ್ಷರ ತೋರಿಸ್ತಿದೆ ಅಷ್ಟೇ. ಸ್ಕ್ರೀನಲ್ಲಿ ಓದೋ ಆಸೆ ಬಿಡಿ, ಡಿಬಿಎಫ್ (ಡೇಟಾಬೇಸಿನ ಡೇಟಾ) ಫೈಲ್‌ಗಳನ್ನ ಎಫ್‌ಟಿಪಿಯಲ್ಲಿ (ನೆಟ್‌ವರ್ಕಲ್ಲಿ ಫೈಲ್ ಕಳ್ಸೋ ವಿಧಾನ) ಬೈನರಿ ಮೋಡಲ್ಲಿ ಹೊರಗೆ ತಗೊಳ್ಳಿ, ಆಸ್ಕಿ ಮೋಡ್ ಬೇಡವೇ ಬೇಡ. ಇಸ್ಕಿಯಿಂದ ಯುನಿಕೋಡಿಗೆ ಅಕ್ಷರಕ್ಕೆ ಅಕ್ಷರ ಹೊಂದಿಸೋ ಸಣ್ಣ ಪ್ರೋಗ್ರಾಮ್ ಬರೀಬಹುದು, ಎರಡರ ಕ್ರಮವೂ ಹತ್ತಿರ ಹತ್ತಿರ ಒಂದೇ. ಒತ್ತಕ್ಷರದ ಹಲಂತ ಒಂದು ನೋಡ್ಕೋಬೇಕು. ಹೆಸರು ತೆಗೆದು ಒಂದೆರಡು ಸಾಲು ಹೆಕ್ಸ್‌ನಲ್ಲಿ ಹಾಕಿ, ನಾನು ಬರೆದ್ಕೊಡ್ತೀನಿ.

ಬಿಟ್ಟಾಕಿ_ಬೆಂಗಳೂರು

ಈ ಡಿಬಿಎಫ್ ಅಂದ್ರೆ ಲಿಬ್ರೆಆಫೀಸಲ್ಲಿ ತೆಗೆಯುತ್ತಲ್ಲ, ಹಾಗಾದ್ರೆ ಆ ಮಂಡಿ ಡೇಟಾನೂ ಹೊರಗೆ ತರ್ಬಹುದು ಅಂತಾಯ್ತು. ನಾನು ಮೊದಲಿಂದ ಹೇಳ್ತಿದ್ದದ್ದು ಅದೇ ತಾನೆ.

ಟಿಟಿವೈ_ತಾತ

ತರ್ಬಹುದಪ್ಪ, ಯಾರು ಬೇಡ ಅಂದ್ರು. ಲಿಬ್ರೆಆಫೀಸಲ್ಲಿ ಖಾತೆ ಕಾಣುತ್ತೆ, ಬಡ್ಡಿ ಲೆಕ್ಕ ಹಾಕೋ ಪ್ರೋಗ್ರಾಮ್ ಬರಲ್ಲ. ಸೀಸನ್ ಮುಗಿದ್ಮೇಲೆ ನೀನೇ ಶಿವಮೊಗ್ಗಕ್ಕೆ ಹೋಗಿ ಬರ್ಕೊಡು.

ಬಿಟ್ಟಾಕಿ_ಬೆಂಗಳೂರು

ಬರೀತೀನಿ ಬಿಡಿ. ಫಾಕ್ಸ್‌ಬೇಸ್ ಸೋರ್ಸ್ ಪಿಆರ್‌ಜಿ ಫೈಲ್ ಇದ್ಯಾ, ಇಲ್ಲಾ ಬರೀ ಕಂಪೈಲ್ ಆಗಿರೋದಾ?

ಮಂಡಿಮನೆ_ಶಿವಮೊಗ್ಗ

ಪಿಆರ್‌ಜಿ ಇದೆ ಅಣ್ಣ, ಪುಟಗಟ್ಟಲೆ ಇದೆ, ಕಾಮೆಂಟ್ ಒಂದೂ ಇಲ್ಲ. ಪೆನ್‌ಡ್ರೈವ್ ಹಾಕೋಕಾಗಲ್ಲ, ಎಫ್‌ಟಿಪಿ ಮಾಡಿ ಕಳಿಸ್ತೀನಿ.

ಲ್ಯಾಪ್‌ಟಾಪ್ ಓಡ್ತಿದೆ, ಎಫ್10 ಕೂಡ ಕೆಲಸ ಮಾಡ್ತಿದೆ. ಅಪ್ಪಂಗೆ ಮಾತ್ರ ಅಕ್ಷರ ಹಸಿರು ಬೇಕಂತೆ, ಪುಟ್ಟಿಯಲ್ಲಿ ಕಲರ್ ಎಲ್ಲಿ ಬದಲಾಯ್ಸೋದು?

ಪಿಂಗ್_ಮೈಸೂರು

ವಿಂಡೋ ಕೆಳಗೆ ಕಲರ್ಸ್, ಡೀಫಾಲ್ಟ್ ಫೋರ್‌ಗ್ರೌಂಡ್, ಕೆಂಪು 0 ಹಸಿರು 255 ನೀಲಿ 0. ಸೆಶನ್‌ಗೆ ವಾಪಸ್ ಹೋಗಿ ಸೇವ್ ಒತ್ತೋದು ಮರೀಬೇಡಿ, ಇಲ್ದಿದ್ರೆ ನಾಳೆ ಮತ್ತೆ ಬಿಳಿ.

ಹುಬ್ಬಳ್ಳಿ_ಹತ್ತಿ

ಆ ಸ್ಕ್ರೀನ್ ಹೋದ ವೈಸ್‌ಂದು ಕೀಬೋರ್ಡ್ ಛಲೋ ಐತೇನ್ರಿ? ನಮ್ಮದರ ಎಂಟರ್ ಕೀ ಮುರದೈತಿ. ಕೊಡೂದಿದ್ರ ಹೇಳ್ರಿ, ನಮ್ಮ ಲಾರಿ ವಾರಕ್ಕೊಮ್ಮೆ ಶಿವಮೊಗ್ಗಕ್ಕ ಬರ್ತೈತಿ.